ಜಿಪ್ಸಮ್ ಹೂವಿನ ಕೆಳಗೆ

ಕಲೆಯನ್ನು ಮೊದಲು ಕಂಡವಳು ನಾನು. ಅದೂ ಕನ್ನಡಿಯೊಳಗೆ.

ಈ ಅರಬರ ನಾಡಿನ ಸಹಮ್ ಎಂಬ ಊರಿನ ಆ ಮನೆಯಲ್ಲಿ ಹೆಂಗಸರ ಮಜ್ಲಿಸ್ ಎಂದರೆ ಹೆಣ್ಣು ನೆಂಟರಿಗೆಂದೇ ಇರುವ ದೊಡ್ಡ ಹಾಲ್. ಅದರ ಒಂದು ಗೋಡೆಗೆ ಆಳೆತ್ತರದ ಕನ್ನಡಿ. ಕನ್ನಡಿಯ ಸುತ್ತ ಬಳ್ಳಿ, ಸುರುಳಿ ಎಲೆ, ಚಿಪ್ಪುಗಳ ಚೌಕಟ್ಟು. ನಾನು ಮೊಣಕಾಲೂರಿ ಆ ಚೌಕಟ್ಟಿನ ಕೆಳ ಅಂಚಿಗೆ ಚಿನ್ನದ ಬಣ್ಣದ ಹಾಳೆ ಅಂಟಿಸುತ್ತಿದ್ದೆ. ಕನ್ನಡಿಯಲ್ಲಿ ಒಂದು ಕಂದು ಮಚ್ಚೆ ಕಂಡಿತು. ಕೈ ತಾಗಿ ಕೊಳೆಯಾಯಿತೇನೋ ಎಂದು ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಬಾಯಿಯ ಹಬೆ ಕೊಟ್ಟು ಮತ್ತೆ ಒರೆಸಿದೆ. ಮಚ್ಚೆ ಅಲ್ಲೇ ಇತ್ತು. ಆಮೇಲೆ ತಿರುಗಿ ತಲೆಯೆತ್ತಿದೆ. ಹಾಲ್‌ನ ನಟ್ಟನಡುವೆ, ಛಾವಣಿಗೆ ಕಟ್ಟಿದ ಜಿಪ್ಸಮ್ ಹೂವಿನ ಒಂದು ಎಸಳಿನ ಬುಡದಲ್ಲಿ, ಹಾಲು ಹಾಕದ ಚಹಾ ಚೆಲ್ಲಿದ ಹಾಗೆ ಒಂದು ಕಲೆ.

ಆ ಹೂವು ನನ್ನ ಗಂಡ ಮಾಡಿದ್ದು. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲದ್ದರಿಂದ ಇಲ್ಲೂ ಇವರು ಎಂದೇ ಬರೆಯುತ್ತೇನೆ.

ಇವರಿಗೂ ನನಗೂ ಕೆಲಸ ರುಸೈಲ್‌ನ ಒಂದು ಶೆಡ್‌ನಲ್ಲಿ. ಶ್ರೀಮಂತರ ಮನೆಗಳ ಛಾವಣಿ, ಕಂಬ, ಬಾಗಿಲ ತಲೆಗಳಿಗೆ ಬೇಕಾದ ಅಲಂಕಾರವನ್ನು ಅಲ್ಲಿ ಅಚ್ಚು ಹಾಕುತ್ತಾರೆ. ಹಳೆಯ ಕಾಲದ ಯುರೋಪಿನ ಅರಮನೆಗಳಲ್ಲಿ ಇದ್ದಂಥ ಕೆಲಸ. ಬರೋಕ್ ಎನ್ನುತ್ತಾನೆ ನಮ್ಮ ಡಿಸೈನರ್. ನನ್ನ ಕಣ್ಣಿಗೆ ಅದು ಒಂದು ಬೆರಳು ಜಾಗವನ್ನೂ ಖಾಲಿ ಬಿಡದ ಕೆಲಸ. ಎಲೆಯ ಮೇಲೆ ಎಲೆ, ಎಲೆಯ ತುದಿಯಲ್ಲಿ ಸುರುಳಿ, ಸುರುಳಿಯೊಳಗೆ ಮೊಗ್ಗು. ಧೂಳು ಹೊಡೆಯುವವರ ಗತಿ ಯಾರೂ ಯೋಚಿಸಿದಂತಿಲ್ಲ.

ರಬ್ಬರಿನ ಅಚ್ಚುಗಳು ಹೊರದೇಶದಿಂದ ಬರುತ್ತವೆ. ಅವುಗಳಲ್ಲಿ ರೆಕ್ಕೆಯಿರುವ ಗುಂಡು ಮಕ್ಕಳ ಮುಖಗಳು ತುಂಬ. ಇಲ್ಲಿಯ ಮನೆಯವರಿಗೆ ಛಾವಣಿಯಲ್ಲಿ ಮುಖ ಮೂತಿ ಬೇಡ. ಹಾಗಾಗಿ ಇವರು ಅಚ್ಚಿನಿಂದ ಮಕ್ಕಳನ್ನು ಕತ್ತರಿಸಿ ತೆಗೆದು ಅಲ್ಲಿ ದಾಳಿಂಬೆ ಕೂರಿಸುತ್ತಾರೆ. ಕತ್ತರಿಸಿದ ರಬ್ಬರ್ ಮಕ್ಕಳು ಶೆಡ್ಡಿನ ಹಲಗೆಯ ಮೇಲೆ ಸಾಲಾಗಿ ನಗುತ್ತ ಕೂತಿವೆ. ಇವರ ಜೊತೆಗಾರ, ಪಾಕಿಸ್ತಾನದ ಪಂಜಾಬಿನ ಕಡೆಯ ಮುದುಕ ಮೇಸ್ತ್ರಿ, ಬೆಳಿಗ್ಗೆ ಬಂದ ಕೂಡಲೇ ಅವುಗಳಿಗೆ ಸಲಾಂ ಹೇಳಿ, "ಬಚ್ಚೋಂ ಕೋ ಆಜ್ ಭೀ ಛುಟ್ಟಿ!" ಎನ್ನುತ್ತಾನೆ. ಮಕ್ಕಳಿಗೆ ದಿನವೂ ರಜೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಹೆಂಗಸರ ಮಜ್ಲಿಸ್‌ಗಳ ದೆಸೆಯಿಂದ. ಮನೆ ಮುಗಿಯುವ ಮೊದಲೇ ಮನೆಯವರು ಬಂದು ಕೂರುತ್ತಾರೆ. ಆಮೇಲೆ ಒಳಗಿನ ಹಾಲ್‌ಗೆ ಗಂಡಾಳುಗಳು ಬೇಕೆಂದಾಗ ಬರುವಂತಿಲ್ಲ. ಚಿನ್ನದ ಹಾಳೆಯ ಕೆಲಸವಾದರೋ ಕೊನೆಯದು. ಅದಕ್ಕೆ ಹೆಣ್ಣು ಕೈ ಬೇಕಾಯಿತು. ಉಡುಪಿಯ ಹತ್ತಿರ ನನ್ನ ತವರಿನಲ್ಲಿ ಯಕ್ಷಗಾನದ ಕಿರೀಟಗಳಿಗೆ ಬೇಗಡೆ ಹಚ್ಚುತ್ತಿದ್ದರು. ಹಗುರ ಮರದ ಮೇಲೆ ಹೊಳೆಯುವ ಹಾಳೆ ಕೂರಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಅಂಟು ಬಳಿದು ಕಾಯಬೇಕು. ಬೆರಳಿನ ಗೆಣ್ಣು ತಾಗಿಸಿದರೆ ಹಿಡಿಯಬಾರದು, ಬಿಡಲೂಬಾರದು. ಚಿಟ್ ಎಂದು ಸಣ್ಣ ಸದ್ದು ಬರಬೇಕು. ಆಗ ಹಾಳೆ ಇಡಬೇಕು. ತಲೆಗೆ ತೆಂಗಿನೆಣ್ಣೆ ಹಾಕಿದ ದಿನ ಈ ಕೆಲಸಕ್ಕೆ ಕೂರಬಾರದು, ಜಿಡ್ಡು ಎಲ್ಲಿಂದಲೋ ಬೆರಳಿಗೆ ಬರುತ್ತದೆ. ಉಳಿದದ್ದು ತಾಳ್ಮೆ. ಅದು ನನ್ನ ಹತ್ತಿರ ಬೇಕಾದಷ್ಟು ಇದೆ ಎಂದು ಇವರು ಕಂಪನಿಯವರಿಗೆ ಹೇಳಿದರಂತೆ. ನನಗೆ ಹೇಳಿದ್ದಲ್ಲ.

ಈಗ ಹೂವಿನ ಸಂಗತಿ. ನಾಲ್ಕು ಮಂದಿ ಕೈ ಹಿಡಿದು ನಿಂತರೂ ತಬ್ಬಲಾಗದಷ್ಟು ಅಗಲದ ಹೂವು ಅದು. ಜಿಪ್ಸಮ್ ಒಂದನ್ನೇ ಹಾಕಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹಾಗಾಗಿ ಒಳಗೆ ನಾರು ಹಾಕುತ್ತಾರೆ. ಛಾವಣಿಗೆ ತೂಗುಹಾಕುವುದೂ ನಾರಿನಿಂದಲೇ. ನಾರನ್ನು ಜಿಪ್ಸಮ್ ಹಿಟ್ಟಿನಲ್ಲಿ ಅದ್ದಿ, ಹೂವಿನ ಬೆನ್ನಿನಿಂದ ಮೇಲಿನ ಕಬ್ಬಿಣದ ಸರಳಿಗೆ ಸುತ್ತಿ ಬಿಗಿಯುತ್ತಾರೆ. ಒಣಗಿದರೆ ಅದು ಮೂಳೆಯ ಹಾಗೆ. ಶೆಡ್ಡಿನಲ್ಲಿ ಅದಕ್ಕೆ ಜಡೆ ಎನ್ನುತ್ತೇವೆ. ಹೂವು ಎಷ್ಟೇ ಚಂದ ಇರಲಿ, ಅದು ನಿಂತಿರುವುದು ಯಾರಿಗೂ ಕಾಣದ ಜಡೆಗಳ ಮೇಲೆ.

ಯಾವಾಗಲೂ ಬಳಸುವುದು ಬಿಳಿ ನಾರು. ಆ ಸಲ ಅದು ಬರುವ ಕಂಟೇನರ್ ತಡವಾಯಿತು. ಈದ್ ಹತ್ತಿರ ಬಂತು. ಈದ್ ಕಳೆದು ಆ ಮನೆಯ ಹಿರಿಯ ಹೆಂಗಸಿನ ಮೊಮ್ಮಗಳ ಮದುವೆ. ಇವರು ಗಿಡ ಮಾರುವ ಒಂದು ನರ್ಸರಿಗೆ ಹೋಗಿ, ಕುಂಡಗಳಿಗೆ ಹಾಕುವ ತೆಂಗಿನ ನಾರಿನ ಮೂಟೆ ಹೊತ್ತು ತಂದರು. ಮೇಸ್ತ್ರಿ ಒಂದು ಎಳೆ ಎಳೆದು ಮೂಸಿ ನೋಡಿದ.

"ಭಾಯಿ, ಯೇ ರಂಗ್ ಛೋಡೇಗಾ." ಇದು ಬಣ್ಣ ಬಿಡುತ್ತದೆ ಎಂದ.

ಇವರು ನಕ್ಕರು. "ನಮ್ಮ ಕಡಲಲ್ಲಿ ದೋಣಿ ಎಳೆಯುವುದೇ ಇದರ ಹಗ್ಗದಲ್ಲಿ. ತೆಂಗಿನ ನಾರನ್ನು ನನಗೆ ಕಲಿಸಲಿಕ್ಕೆ ಬಂದ್ಯಾ ನೀನು, ಗೋಧಿ ಊರಿನವ?"

"ದೋಣಿಗೆ ಬಿಳಿ ಬಣ್ಣ ಹೊಡೆದು ಮಜ್ಲಿಸ್‌ನಲ್ಲಿ ತೂಗುಹಾಕುತ್ತೀಯಾ?" ಎಂದು ಮೇಸ್ತ್ರಿ ಹಿಂದಿಯಲ್ಲೇ ಕೇಳಿ, ಉತ್ತರಕ್ಕೆ ಕಾಯದೆ ನಾರು ಬಿಡಿಸಲು ಕೂತ.

ಊರಿನಲ್ಲಿ ಹಗ್ಗದ ನಾರು ತಿಂಗಳುಗಟ್ಟಲೆ ಉಪ್ಪು ನೀರಿನಲ್ಲಿ ಕೊಳೆತು, ಕೊಳೆಯೆಲ್ಲ ಬಿಟ್ಟು ಬಂದದ್ದು. ನರ್ಸರಿಯದ್ದು ಹಸಿ ನಾರು. ತೆಂಗಿನ ಸಿಪ್ಪೆಯ ಕಲೆ ಬಟ್ಟೆಗೆ ತಾಗಿದರೆ ಸಾಯುವ ತನಕ ಹೋಗುವುದಿಲ್ಲವೆಂದು ನಮ್ಮಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ? ಆದರೆ ಬಟ್ಟೆಯ ಸಂಗತಿ ಛಾವಣಿಗೆ ಅನ್ವಯವಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ತೆಂಗು ಎಂದ ಮೇಲೆ ನಮ್ಮವರಿಗೆ ಅನುಮಾನವೇ ಬರುವುದಿಲ್ಲ.

ಹೂವು ಏರಿತು. ಕೆಳಗೆ ಮರದ ಊರುಗೋಲು ಕೊಟ್ಟು, ಮೇಲೆ ಜಡೆ ಬಿಗಿದು, ಒಣಗಲು ಬಿಟ್ಟರು. ಊರುಗೋಲು ತೆಗೆಯುವ ದಿನಕ್ಕೆ ಶೆಡ್ಡಿನಲ್ಲಿ ಒಂದು ಪದ್ಧತಿಯುಂಟು. ಯಾರು ಜಡೆ ಬಿಗಿದರೋ ಅವರು ಹೂವಿನ ನೇರ ಕೆಳಗೆ ನಿಂತು ಒಂದು ಲೋಟ ಚಹಾ ಕುಡಿಯಬೇಕು. ಉಳಿದವರು ಒಂದೊಂದೇ ಕೋಲು ಬಡಿದು ತೆಗೆಯುತ್ತಾರೆ. ಲೋಟದ ಚಹಾ ಮುಗಿದ ಮೇಲೆ ಅವರು ಹೊರಗೆ ಬರಬೇಕು, ಓಡಬಾರದು. ಯಾರು ಶುರು ಮಾಡಿದ್ದೋ ಗೊತ್ತಿಲ್ಲ. ಆ ದಿನ ಇವರು ಅಷ್ಟೂ ಚಹಾ ಕುಡಿದು, ಲೋಟ ಮಗುಚಿ ತೋರಿಸಿ, "ಉಂಟು" ಎಂದರು. ಹೂವು ನಿಂತಿದೆ ಎಂದು ಅದರ ಅರ್ಥ. ನಾನು ಬಾಗಿಲಲ್ಲಿ ನಿಂತು ಎಲ್ಲ ದೇವರನ್ನೂ ಕರೆದಿದ್ದೆ.

ಇಷ್ಟೆಲ್ಲ ಆದಮೇಲೆ ಕಂಡದ್ದು ಆ ಕಲೆ.

ಮರುದಿನ ಹೋದಾಗ ಇನ್ನೂ ಕೆಲವು ಕಲೆಗಳು. ಒಂದು ವಾರದಲ್ಲಿ ಹೂವು ಬಂಗು ಬಂದ ಹೆಂಗಸಿನ ಕೆನ್ನೆಯ ಹಾಗೆ ಕಾಣತೊಡಗಿತು. ಮೇಲೆ ನೀರು ಸೋರುತ್ತಿದೆ ಎಂದು ಮನೆಯವರಿಗೆ ಹೆದರಿಕೆಯಾಯಿತು. ಎಸಿಯವನನ್ನು ಕರೆಸಿದರು. ಅವನು ಪೈಪು ನೋಡಿ ಸೋರಿಕೆ ಇಲ್ಲವೆಂದ. ಆ ಬಡಪಾಯಿಯನ್ನು ಯಾರೂ ನಂಬಲಿಲ್ಲ.

ಇವರು ಬಂದು ಏಣಿ ಹತ್ತಿ ನೋಡಿದರು. ಇಳಿದವರೇ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಮನೆಯ ಹಿರಿಯ ಹೆಂಗಸಿನ ಹತ್ತಿರ ಸೀದಾ ಹೋದರು. ಎಲ್ಲರೂ ಅವರನ್ನು ಅಮ್ಮ ಎಂಬ ಅರ್ಥದಲ್ಲಿ ಮಾಮಾ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು. ಬಲೂಚಿ ಮೂಲದ ಮುದುಕಿ. ನಮ್ಮೊಡನೆ ಉರ್ದು ಮಾತಾಡುತ್ತಿದ್ದರು, ನಡುನಡುವೆ ಅರಬಿ. ಅವರ ಮಾತನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಮಾ, ನೀರಲ್ಲ. ನಾನು ಹಾಕಿದ ನಾರಿನ ಬಣ್ಣ. ತಪ್ಪು ನನ್ನದು, ಎಸಿಯವನದ್ದಲ್ಲ. ಮೇಲಿಂದ ಅರಗಿನ ಲೇಪ ಕೊಟ್ಟು ಮತ್ತೆ ಬಿಳಿ ಮಾಡಿಕೊಡುತ್ತೇನೆ."

ಮಾಮಾ ತಲೆಯೆತ್ತಿ ಹೂವನ್ನು ನೋಡಿದರು. "ಬೀಳುತ್ತದಾ?"

"ಇಲ್ಲ."

"ಯಾರ ಮಾತಿನ ಮೇಲೆ?"

ಇವರು ಚಹಾದ ಪದ್ಧತಿ ಹೇಳಿದರು. ಮಾಮಾ ನಕ್ಕರು, ಬಾಯಲ್ಲಿದ್ದ ಖರ್ಜೂರ ಕೆನ್ನೆಗೆ ಸರಿಸಿಕೊಂಡು. "ಮದುವೆಯ ಸಂಜೆ ಈ ಹಾಲ್ ತುಂಬ ಹೆಂಗಸರು. ನಿನ್ನನ್ನು ಬಿಟ್ಟುಕೊಳ್ಳಲು ಆಗುವುದಿಲ್ಲ. ಚಹಾ ಯಾರು ಕುಡಿಯುವುದು?" ಆಮೇಲೆ ನನ್ನ ಕಡೆ ಗಲ್ಲ ಎತ್ತಿ, "ಇವಳನ್ನು ಕಳಿಸು. ಊಟಕ್ಕೂ ಆಯಿತು," ಎಂದರು. ಎಲ್ಲರೂ ನಕ್ಕೆವು. ತಮಾಷೆಯೆಂದೇ ಎಲ್ಲರೂ ತಿಳಿದದ್ದು.

ಅರಗು ಬಳಿದರು, ಬಿಳಿ ಹೊಡೆದರು, ನಾನು ಅಂಚುಗಳಿಗೆ ಮತ್ತೆ ಹಾಳೆ ಕೂರಿಸಿದೆ. ಕಲೆಗಳು ಮುಚ್ಚಿದವು. ಒಂದು ಬಿಟ್ಟು. ನಾನು ಕನ್ನಡಿಯಲ್ಲಿ ಮೊದಲು ಕಂಡಿದ್ದೆನಲ್ಲ, ಆ ಕಲೆ ಮತ್ತೆ ಬಂತು. ಈ ಸಲ ಅದಕ್ಕೆ ಒಂದು ಗೆರೆ ಇತ್ತು, ಸುತ್ತಲೂ, ಕಡು ಕಂದು ಬಣ್ಣದ್ದು.

ಜೀವಮಾನವಿಡೀ ಬಟ್ಟೆ ಒಗೆದವಳು ನಾನು. ಬಣ್ಣ ತಾನಾಗಿ ಬಿಟ್ಟ ಕಲೆಗೆ ಅಂಚು ಮಾಸಲು ಇರುತ್ತದೆ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾದ ಕಲೆಗೆ ಮಾತ್ರ ಗೆರೆ.

ಸಹಮ್‌ನಿಂದ ಅಲ್ ಹೈಲ್‌ನ ನಮ್ಮ ಫ್ಲಾಟಿಗೆ ಉದ್ದದ ದಾರಿ. ಇವರು ಗಾಡಿ ಓಡಿಸುತ್ತಿದ್ದರು, ನಾನು ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಾತು ಎಲ್ಲಿಂದ ತೆಗೆಯಲಿ ಎಂದು ಯೋಚಿಸುತ್ತಿದ್ದೆ.

"ಅದಕ್ಕೆ ಗೆರೆ ಉಂಟು," ಎಂದೆ ಕೊನೆಗೆ.

"ಯಾವುದಕ್ಕೆ?"

"ಆ ಕಲೆಗೆ. ಅದು ನಾರಿನದ್ದು ಮಾತ್ರ ಅಲ್ಲ ಅಂತ ಕಾಣ್ತದೆ ನನಗೆ. ನೀರು ಬಿದ್ದದ್ದು."

"ಎಸಿಯವ ನೋಡಿದ್ದಾನೆ. ನಾನು ನೋಡಿದ್ದೇನೆ. ಇನ್ನು ನೀನೊಬ್ಬಳು ಬಾಕಿ ಇದ್ದದ್ದು."

"ನೀವು ಅಲ್ಲಿ ಕೈ ಹಾಕಿ ನೋಡಿದ್ದೀರಾ?"

ಎಸಿಯ ಗಾಳಿ ಹೋಗುವ ತಗಡಿನ ದೊಡ್ಡ ಕೊಳವೆಯನ್ನು ಹೂವು ಏರಿದ ಮೇಲೆ ತಂದು ಆ ಭಾಗದ ಮೇಲೆಯೇ ಕೂರಿಸಿದ್ದರು. ಛಾವಣಿಯ ಮೂಲೆಯ ಸಣ್ಣ ಕಿಂಡಿಯಿಂದ ತೂರಿದರೂ ಅಲ್ಲಿಯ ಜಡೆಗಳಿಗೆ ಕೈ ಎಟಕುತ್ತಿರಲಿಲ್ಲ. ಅದು ನನಗೂ ಗೊತ್ತು, ಇವರಿಗೂ ಗೊತ್ತು.

"ಬಟ್ಟೆ ಒಗೆಯುವ ಬುದ್ಧಿ ಇಲ್ಲಿ ತರಬೇಡ ಮಾರಾಯ್ತಿ," ಎಂದರು ಸುಮಾರು ದೂರ ಬಂದ ಮೇಲೆ. "ಸುಮ್ಮನೆ ತಲೆಬಿಸಿ."

"ತಲೆಬಿಸಿ ನನಗೆ ಬೇಕೂಂತ ಬಂದದ್ದಾ? ಬಿದ್ದರೆ ಹೆಂಗಸರು ಮಕ್ಕಳ ಮೇಲೆ ಬೀಳುವುದು."

"ಬೀಳುವುದಿಲ್ಲ."

"ಹಾಗಾದರೆ ಯಾಕೆ ನಿಮ್ಮ ಕಾಲು ಹಾಗೆ ಆಡ್ತಾ ಉಂಟು?"

ಇವರಿಗೆ ಚಿಂತೆಯಾದಾಗ ಎಡಗಾಲು ತಾನಾಗಿ ಕುಣಿಯುತ್ತದೆ. ನೋಡಿಕೊಂಡು ಅದನ್ನು ನಿಲ್ಲಿಸಿದರು. ಸ್ವಲ್ಪ ಮುಂದೆ ಹೋದಾಗ ಅದು ಮತ್ತೆ ಶುರುವಾಯಿತು.

ಮನೆಗೆ ಬಂದು ಡಿಸೈನರ್‌ಗೆ ಫೋನ್ ಹಚ್ಚಿದರು. ಆ ಒಂದು ಭಾಗ ಕೊಯ್ದು ನೋಡಬೇಕು ಎಂದರು. ಮದುವೆ ಎದುರಿಗಿರುವಾಗ ಕೊಯ್ಯುವ ಮಾತೇ ಬೇಡ, ಇನ್ನೊಂದು ಕೋಟ್ ಪೇಂಟ್ ಹೊಡಿ, ಖಲಾಸ್, ಎಂದ ಅವನು. ಇವರು ಫೋನನ್ನು ಕವುಚಿಟ್ಟು, ಗಂಜಿಗೆ ಉಪ್ಪಿನಕಾಯಿಯನ್ನೂ ಹಾಕಿಕೊಳ್ಳದೆ ಉಂಡರು. ಮಗಳು ಶಾಲೆಯ ಪುಸ್ತಕದಿಂದ ತಲೆಯೆತ್ತಿ, "ವಾಟ್ ಹ್ಯಾಪನ್ಡ್ ಟು ಅಪ್ಪ?" ಎಂದಳು. "ಏನಿಲ್ಲ, ನೀನು ಓದು," ಎಂದೆ.

ಮಾರನೆಯ ದಿನ ಕನ್ನಡಿಯ ಕೆಲಸದ ನೆವ ಹೇಳಿ ಹೋದೆ. ಹೋಗುವಾಗಲೇ ಇವರಿಗೆ ಹೇಳಿದ್ದೆ, ನಾನು ಮಾಮಾಗೆ ಹೇಳುವವಳೇ ಎಂದು. ಇವರು ಬೇಡವೆನ್ನಲಿಲ್ಲ, "ನಿನಗೆ ಸರಿ ಕಂಡ ಹಾಗೆ ಮಾಡು," ಎಂದರು. ಮದುವೆಯಾಗಿ ಇಷ್ಟು ಕಾಲದಲ್ಲಿ ಆ ಮಾತು ನನಗೆ ಅಷ್ಟು ಭಾರವಾಗಿ ಎಂದೂ ಕೇಳಿರಲಿಲ್ಲ. ನನ್ನ ಲೆಕ್ಕ ತಪ್ಪಾದರೆ, ಒಮ್ಮೆ ತಪ್ಪೊಪ್ಪಿಕೊಂಡ ಇವರನ್ನು ನಾನು ಸುಮ್ಮನೆ ಎರಡನೇ ಸಲ ತಲೆ ತಗ್ಗಿಸುವಂತೆ ಮಾಡಿದ ಹಾಗೆ. ಸರಿಯಾದರೆ, ಅದು ಇನ್ನೂ ಕೆಟ್ಟದ್ದು.

ಮಾಮಾ ಅಡುಗೆಮನೆಯಲ್ಲಿ ಕಾಫಿಗೆ ಏಲಕ್ಕಿ ಕುಟ್ಟುತ್ತಿದ್ದರು. ಹೇಳಿದೆ. ಕುಟ್ಟುವುದು ನಿಂತಿತು.

"ನಿನಗೆ ಖಚಿತವಾ?"

"ಇಲ್ಲ ಮಾಮಾ. ಅದೇ ಕಷ್ಟ."

"ಈಗ ತೆಗೆಸಿದರೆ?"

"ಹಾಲ್ ಪೂರ್ತಿ ಬಿಳಿ ಧೂಳು. ಮದುವೆಯ ದಿನಕ್ಕೆ ಛಾವಣಿಯಲ್ಲಿ ದೊಡ್ಡ ತೂತು."

ಬೇರೆ ಹಾಲ್ ಆ ಮನೆಯಲ್ಲಿ ಇರಲಿಲ್ಲ. ಗಂಡಸರದ್ದು ಗಂಡಸರಿಗೆ ಬೇಕು. ಮಾಮಾ ಸೆರಗಿನಂತೆ ಹೊದ್ದ ಬಟ್ಟೆಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹಾಲ್‌ಗೆ ಬಂದು ಮೇಲೆ ನೋಡಿದರು, ಕೆಳಗೆ ನೋಡಿದರು. ಮದುಮಗಳ ವೇದಿಕೆಯನ್ನು ದೂರದ ಗೋಡೆಗೆ ಸರಿಸಲು ಹೇಳಿದರು. ಸೋಫಾಗಳನ್ನೆಲ್ಲ ಗೋಡೆಗೆ ತಾಗಿಸಿದರು. ಹೂವಿನ ಕೆಳಗಿನ ಜಾಗವೆಲ್ಲ ಖಾಲಿಯಾಯಿತು.

"ಇನ್ನು ಯಾರೂ ಕೂರುವುದಿಲ್ಲ," ಎಂದರು ಸಮಾಧಾನದಿಂದ.

ಆಗ ನನಗೆ ಹೊಳೆಯಿತು. "ದೊಡ್ಡವರು ಕೂರುವುದಿಲ್ಲ ಮಾಮಾ. ತುಂಬಿದ ಹಾಲ್‌ನಲ್ಲಿ ಇಷ್ಟು ಖಾಲಿ ಜಾಗ ಕಂಡರೆ ಮಕ್ಕಳು ಬಿಡುತ್ತವಾ?"

"ಹಾಗಾದರೆ ಅವುಗಳನ್ನು ಕಾಯಲು ನೀನೇ ಬಾ," ಎಂದರು ಮಾಮಾ. ತಮಾಷೆಯ ಮಾತು ನಿಜವಾದದ್ದು ಹೀಗೆ.

ಮದುವೆಯ ಸಂಜೆ ನಾನು ಇದ್ದುದರಲ್ಲಿ ಒಳ್ಳೆಯ ರೇಷ್ಮೆ ಸೀರೆ ಉಟ್ಟೆ. ಬಿಳಿ ಮೈ, ಕೆಂಪು ಅಂಚು. ಇವರು ಗಾಡಿಯನ್ನು ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದರು.

"ಏನಾದರೂ ಇದ್ದರೆ ಫೋನ್ ಮಾಡು."

"ಫೋನ್ ಬಾಗಿಲಲ್ಲೇ ತೆಗೆದಿಡ್ತಾರೆ. ಹೆಂಗಸರ ಫೋಟೋ ಯಾರೂ ತೆಗೆಯಬಾರದೂಂತ."

ಅದು ಇವರಿಗೆ ನೆನಪಿರಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟು ಮನೆಯ ಗೋಡೆ ನೋಡುತ್ತ ಕೂತರು. "ಮತ್ತೆ ನನಗೆ ಗೊತ್ತಾಗುವುದು ಹೇಗೆ?"

"ಶಬ್ದ ಕೇಳಿದರೆ ಗೊತ್ತಾಗ್ತದಲ್ಲ," ಎಂದುಬಿಟ್ಟೆ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ಖಾಲಿ ಜಾಗದ ಅಂಚಿನಲ್ಲಿ ಮಾಮಾ ನನಗೆ ಒಂದು ಕುರ್ಚಿ ಹಾಕಿಸಿದ್ದರು. ಪಕ್ಕದಲ್ಲಿ ಸಣ್ಣ ಮೇಜು, ಅದರ ಮೇಲೆ ಹಲ್ವಾ, ಒಂದು ಲೋಟ ಚಹಾ. ಲೋಟ ನೋಡಿ ತಲೆಯೆತ್ತಿದರೆ, ಹಾಲ್‌ನ ಆಚೆ ಬದಿಯಿಂದ ಮಾಮಾ ಹುಬ್ಬು ಹಾರಿಸಿದರು.

ಹೆಂಗಸರು ಬಂದರು, ಬಂದರು, ಬರುತ್ತಲೇ ಇದ್ದರು. ಅತ್ತರು, ಧೂಪ, ಢೋಲಿನ ಸದ್ದು. ಜರಿಯ ಬಟ್ಟೆಗಳ ಹೊಳಪಿನ ನಡುವೆ ಛಾವಣಿಯ ಚಿನ್ನವನ್ನು ಯಾರೂ ನೋಡುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಅಷ್ಟು ಮಂದಿಯ ಸೆಕೆಗೆ ಎಸಿಯನ್ನು ಪೂರ್ತಿ ಏರಿಸಿದರು. ತಗಡಿನ ಕೊಳವೆಯಲ್ಲಿ ಗಾಳಿ ಭೋರೆನ್ನುವುದು ನನಗೆ ಢೋಲಿನ ನಡುವೆಯೂ ಕೇಳುತ್ತಿತ್ತು.

ಮಕ್ಕಳು ಬಂದೇ ಬಂದವು. ಮೊದಲು ಒಂದು, ಆಮೇಲೆ ಗುಂಪು. ನಾನು "ಯಲ್ಲಾ, ಯಲ್ಲಾ" ಎಂದು ಕೈ ಬೀಸಿ ಓಡಿಸುವುದು, ಅವು ಕೇಕೆ ಹಾಕಿ ಮತ್ತೊಂದು ಕಡೆಯಿಂದ ನುಗ್ಗುವುದು. ಅವುಗಳಿಗೆ ಅದೇ ಆಟವಾಯಿತು. ನಾನು ಓಡಿಸುವಾಗ ಅವುಗಳ ಹಿಂದೆಯೇ ಹೂವಿನ ಕೆಳಗೆ ಹೋಗಬೇಕಿತ್ತು. ಪ್ರತಿ ಸಲ ಕುತ್ತಿಗೆ ತಾನಾಗಿ ಕುಗ್ಗುತ್ತಿತ್ತು. ಸೋಫಾದಲ್ಲಿದ್ದ ಒಬ್ಬಳು ಇನ್ನೊಬ್ಬಳಿಗೆ ಉರ್ದುವಿನಲ್ಲಿ, "ಈ ಹಿಂದಿ ಹೆಂಗಸಿಗೆ ಮಕ್ಕಳನ್ನು ಕಂಡರೆ ಆಗುವುದಿಲ್ಲ, ಪಾಪ," ಎಂದಳು. ಹಿಂದಿ ಎಂದರೆ ಅವರ ಮಾತಿನಲ್ಲಿ ನಮ್ಮ ದೇಶದವರು. ನನಗೆ ಅರ್ಥವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಬಲೂನು. ಒಂದು ಪುಟ್ಟ ಹುಡುಗಿಯ ಕೈಯಿಂದ ಜಾರಿದ್ದು ಮೇಲೆ ಹೋಗಿ, ಎಸಳುಗಳ ನಡುವೆ, ಸರಿಯಾಗಿ ಆ ಕಲೆಯ ಹತ್ತಿರ ಸಿಕ್ಕಿಕೊಂಡಿತು. ಹುಡುಗಿ ಅದರ ಕೆಳಗೆ ನಿಂತು ಅಳಲು ಶುರು ಮಾಡಿತು. ಎತ್ತಿಕೊಳ್ಳಲು ಹೋದರೆ ಒದೆಯುತ್ತದೆ. ಅಷ್ಟರಲ್ಲಿ ಅದರ ಚಿಕ್ಕಮ್ಮನೋ ಯಾರೋ, ನೆಲ ಒರೆಸುವ ಮಾಪಿನ ಉದ್ದ ಕೋಲು ತಂದು, ಕುರ್ಚಿ ಹತ್ತಿ, ಬಲೂನಿಗೆ ತಿವಿಯಲು ಕೈಯೆತ್ತಿದಳು.

ನಾನು ಹೇಗೆ ಹೋದೆನೋ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. "ಬೇಡ, ಬೇಡ!" ಎಂದದ್ದು ಕನ್ನಡದಲ್ಲಿ. ಅವಳು ಮೇಲಿಂದ ಎಳೆಯುತ್ತಾಳೆ, ನಾನು ಕೆಳಗಿಂದ ಎಳೆಯುತ್ತೇನೆ. ಸುತ್ತಲಿದ್ದವರು ನಗತೊಡಗಿದರು. ಹಾಗೆ ಎಳೆದಾಡುತ್ತಿದ್ದಾಗ ನನ್ನ ಎದೆಯ ಮೇಲಿನ ಸೆರಗಿಗೆ ಏನೋ ಬಿತ್ತು. ತಣ್ಣಗೆ. ಬಗ್ಗಿ ನೋಡಿದೆ. ಬಿಳಿ ರೇಷ್ಮೆಯ ಮೇಲೆ ಒಂದು ಹನಿ, ಚಹಾದ ಬಣ್ಣದ್ದು.

ಅದರ ಅಂಚು ನೋಡುತ್ತಿದ್ದಂತೆಯೇ ಅಗಲವಾಗುತ್ತಿತ್ತು.

ಕೋಲು ಬಿಟ್ಟು, ಹುಡುಗಿಯನ್ನು ಒದೆಸಿಕೊಂಡೇ ಎತ್ತಿ, ಆ ಹೆಂಗಸನ್ನೂ ಕುರ್ಚಿಯಿಂದ ಇಳಿಸಿ ಎಳೆದುಕೊಂಡು ಮಾಮಾರ ಹತ್ತಿರ ಹೋದೆ. ಸೆರಗು ತೋರಿಸಿದೆ. ಮಾಮಾ ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ, ಎದ್ದು ಹೋಗಿ ಗೋಡೆಯ ಮೇಲಿನ ಎಸಿಯ ಸ್ವಿಚ್ ಆರಿಸಿದರು. ಆಮೇಲೆ ಖಾಲಿ ಜಾಗದ ಅಂಚಿಗೆ ಬಂದು, ಅಷ್ಟು ಗದ್ದಲದಲ್ಲೂ ಎಲ್ಲರಿಗೂ ಕೇಳುವ ಹಾಗೆ ಅರಬಿಯಲ್ಲಿ ಏನೋ ಹೇಳಿದರು. ಸೋಫಾಗಳಿಂದ ಹೆಂಗಸರು ಎದ್ದರು. ಮೊದಲು ಮಕ್ಕಳು, ಆಮೇಲೆ ಮುದುಕಿಯರು, ಆಮೇಲೆ ಎರಡು ಕೈಯಲ್ಲಿ ಬಟ್ಟೆ ಎತ್ತಿ ಹಿಡಿದ ಮದುಮಗಳು, ಎಲ್ಲರೂ ಹಿತ್ತಿಲಿನ ಅಂಗಳಕ್ಕೆ ಹೊರಟರು. ಅಲ್ಲಿ ಊಟದ ಚಾಪೆಗಳು ಹಾಸಿದ್ದವು. ಬೇಗ ಊಟಕ್ಕೆ ಕರೆದರೆಂದು ಹಲವರು ತಿಳಿದರು. ಕೆಲವರಿಗೆ ಸೆಕೆಯ ಸಿಟ್ಟು. ಕೊನೆಯವಳು ದಾಟುವ ತನಕ ನಾನು ಬಾಗಿಲಲ್ಲಿ ಬೆನ್ನು ಕೊಟ್ಟು ನಿಂತು, ಮೇಲೆ ನೋಡುತ್ತ ಇದ್ದೆ. ಬಲೂನು ಅಲ್ಲೇ ಇತ್ತು. ಮಾಮಾ ಹಾಲ್‌ಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ಗೇಟಿನ ಹೊರಗೆ ಬಂದಾಗ ಇವರು ಗಾಡಿಯಿಂದ ಇಳಿದು, ಬೇವಿನ ಬುಡಕ್ಕೆ ಕೈಯೂರಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಸೆರಗು ನೋಡಿದರು.

"ನಾರಿನದ್ದಾ, ನೀರಿನದ್ದಾ?"

"ಎರಡೂ."

"ಯಾರಿಗೂ...?"

"ಎಲ್ಲ ಹೊರಗೆ ಬಂದಾಯಿತು. ಊಟ ಮಾಡ್ತಾ ಇದ್ದಾರೆ."

ಇವರು ಅಲ್ಲೇ ಮರದ ಬೇರಿನ ಮೇಲೆ ಕೂತುಬಿಟ್ಟರು. ಕಾಲು ಕುಣಿಯುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಇಬ್ಬರಿಗೆಂದು ಒಂದು ತಟ್ಟೆ ಅನ್ನ, ಮೇಲೆ ಹುರಿದ ಮೀನು ಬಂತು. ಇವರು ತಿಂದರು. ನಾನು ಮೀನಿನ ಮುಳ್ಳು ಬಿಡಿಸಿ ಇವರ ಕಡೆಗೆ ಸರಿಸಿದೆ.

ಮದುವೆಯ ಗದ್ದಲ ಕಳೆದ ಮೇಲೆ ಊರುಗೋಲು ಕೊಟ್ಟು ಹೂವನ್ನು ಇಳಿಸಿದರು. ಮನೆಯವರು ಆ ದಿನ ಸೊಹಾರ್‌ಗೆ ನೆಂಟರ ಮನೆಗೆ ಹೋಗಿದ್ದರು, ಹಾಗಾಗಿ ಗಂಡಸರೆಲ್ಲ ಒಳಗೆ ಬಂದಿದ್ದರು. ಎಸಿಯ ಕೊಳವೆಗೆ ಸುತ್ತಿದ ಹೊದಿಕೆ ಒಂದು ಕಡೆ ಹರಿದಿತ್ತು. ಎಸಿ ಪೂರ್ತಿ ಓಡಿದಾಗ ಮಾತ್ರ ಅಲ್ಲಿ ತಗಡು ಬೆವರುತ್ತಿತ್ತು. ಪೈಪು ನೋಡಿದವನು ಹೇಳಿದ್ದೂ ಸುಳ್ಳಲ್ಲ. ಅದರ ಕೆಳಗಿನ ಜಡೆಗಳ ಜಿಪ್ಸಮ್ ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗಾಗಿ ಬೆರಳಿಗೆ ಹತ್ತುತ್ತಿತ್ತು. ಹಿಟ್ಟೆಲ್ಲ ಕಳಚಿದರೂ ಒಳಗಿನ ನಾರು ಮಾತ್ರ ಹರಿದಿರಲಿಲ್ಲ. ಮೇಸ್ತ್ರಿ ಒಂದು ಎಳೆಯನ್ನು ಎರಡು ಕೈಯಿಂದ ಜಗ್ಗಿ ನೋಡಿದ.

"ದೋಣಿ ಎಳೆಯುವ ಹಗ್ಗ," ಎಂದ. ಹೊಗಳಿದನೋ ಚುಚ್ಚಿದನೋ ತಿಳಿಯಲಿಲ್ಲ.

ನಾರೇ ಹಿಡಿದು ನಿಲ್ಲಿಸಿತು ಎಂದು ನಾನು ಹೇಳಲಾರೆ. ಆಚೆ ಬದಿಯ ಒಣ ಜಡೆಗಳೂ ಇದ್ದವು. ಬಿಳಿ ನಾರು ಹಾಕಿದ್ದರೆ ಮೊದಲನೆಯ ಕಲೆಗೇ ಎಲ್ಲರೂ ಸಿಗುವ ತನಕ ನೀರನ್ನೇ ಹುಡುಕುತ್ತಿದ್ದರು, ಅದೂ ನಿಜ. ಇವರನ್ನು ಕೇಳಿದರೆ, "ಅದನ್ನು ಬಿಡು," ಎನ್ನುತ್ತಾರೆ. ನರ್ಸರಿಯ ಮೂಟೆಯಲ್ಲಿ ಉಳಿದದ್ದನ್ನು ನಮ್ಮ ಬಾಲ್ಕನಿಯ ಮಲ್ಲಿಗೆ ಕುಂಡಕ್ಕೆ ಹಾಕಿದ್ದಾರೆ.

ಹೊಸ ಹೂವು ಬಿಳಿ ನಾರಿನದ್ದು. ಈ ಸಲ ಕೊಳವೆಯನ್ನು ಸರಿಸಿದ ಮೇಲೆಯೇ ಜಡೆ ಬಿಗಿದರು, ಒಂದೊಂದನ್ನೂ ಮುಟ್ಟಿ ನೋಡಿದರು. ಊರುಗೋಲು ತೆಗೆಯುವ ದಿನ ನಾನು ಯಾವಾಗಿನಂತೆ ಬಾಗಿಲ ಹತ್ತಿರ ನಿಂತಿದ್ದೆ. ಇವರು ಚಹಾ ಲೋಟ ಹಿಡಿದು ಬಂದವರು, "ನೀನು ಹೊರಗೆ ಹೋಗು," ಎಂದರು.

"ಯಾಕೆ?"

"ನೀನು ಅಲ್ಲಿ ನಿಂತರೆ ನನ್ನ ಕಣ್ಣು ನಿನ್ನ ಕಡೆಗೇ ಹೋಗ್ತದೆ. ಚಹಾ ಚೆಲ್ಲಿದರೆ ಆ ಮುದುಕ ನನ್ನನ್ನು ಬದುಕಲಿಕ್ಕೆ ಬಿಡ್ತಾನಾ?"

ಹೊರಗೆ ಬಂದೆ. ಬೇವಿನ ಮರದ ಕೆಳಗೆ, ಇವರು ಅಂದು ಕೈಯೂರಿ ನಿಂತಲ್ಲೇ ನಿಂತೆ. ಬಿಸಿಲು ಗೋಡೆಯ ಮೇಲೆ ಸುರಿಯುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಸುತ್ತಿಗೆಯ ಸದ್ದು ಶುರುವಾಯಿತು, ಠಕ್, ಠಕ್. ಕೋಲು ನೆಲಕ್ಕೆ ಬಿದ್ದ ಸದ್ದು. ಮತ್ತೆ ಠಕ್ ಠಕ್. ಮತ್ತೊಂದು ಕೋಲು. ಯಾವುದು ಕೋಲು ಬಿದ್ದದ್ದು, ಯಾವುದು ಹೂವು ಬೀಳುವುದು ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಶಬ್ದ ಕೇಳಿದರೆ ಗೊತ್ತಾಗುತ್ತದೆ ಎಂದು ನಾನು ಅಂದು ಎಷ್ಟು ಸುಲಭವಾಗಿ ಹೇಳಿದ್ದೆ. ಕಾಲಿನ ಹತ್ತಿರ ಏನೋ ಅಲುಗಿದಂತಾಗಿ ಬಗ್ಗಿ ನೋಡಿದರೆ, ನನ್ನದೇ ಎಡಗಾಲು.

ಆಮೇಲೆ ಎಲ್ಲ ನಿಂತಿತು. ಸುತ್ತಿಗೆ ಇಲ್ಲ, ಕೋಲು ಇಲ್ಲ, ಮಾತು ಇಲ್ಲ. ಚಹಾ ಇವರಿಗೆ ಬಿಸಿ ಕುಡಿಯಲಾಗುವುದಿಲ್ಲ, 'ಊದಿ ಊದಿ ಕುಡಿಯುತ್ತಿರಬೇಕು' ಎಂದು ನನಗೆ ನಾನೇ ಹೇಳಿಕೊಂಡೆ. ಮರದ ಸಿಪ್ಪೆ ಅಂಗೈಗೆ ಚುಚ್ಚುತ್ತಿತ್ತು.

ಬಾಗಿಲು ತೆರೆಯಿತು. ಲೋಟವನ್ನು ಮಗುಚಿ ಹಿಡಿದು, ಮೆಟ್ಟಿಲ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇವರು ನನ್ನನ್ನು ಹುಡುಕುತ್ತಿದ್ದರು.

"ಉಂಟು ಮಾರಾಯ್ತಿ," ಎಂದರು. "ಉಂಟು."